ರೈಸ್ ಸಾಹೇಬರ ಜನಗಣತಿಯೂ ಘಟ್ಟ ಹತ್ತಿದ ನಮ್ಮ ಹಿರಿಯರೂ

ಬಾಳ್ಳುಪೇಟೆ, ಸಕಲೇಶಪುರ, ಆಲೂರು ಕಡೆಯ ನಮ್ಮ ಮನೆಗಳಲ್ಲಿ ಈಚೀಚೆಗೆ ಒಂದು ಪ್ರಶ್ನೆ ಜಾಸ್ತಿ ಕೇಳಿಬರುತ್ತಾ ಉಂಟು. ನಮ್ಮವರು ಘಟ್ಟ ಹತ್ತಿದ್ದು ಯಾವ ಕಾಲದಲ್ಲಿ? ಕೆಳಗಿನ ಯಾವ ಊರಿನಿಂದ? ಮೊದಲು ಬಂದವರು ಯಾರು? ಮಕ್ಕಳು ಕೇಳುತ್ತಾರೆ, ಸಂಬಂಧ ಮಾತಾಡಲು ಬಂದವರು ಕೇಳುತ್ತಾರೆ, ಕಾಗದಪತ್ರದ ವಿಷಯ ಬಂದರೆ ಕಚೇರಿಯವರೂ ಕೇಳುತ್ತಾರೆ. ಮನೆಯ ಹಿರಿಯರು ಉಪ್ಪಿನಂಗಡಿ ಅನ್ನುತ್ತಾರೆ, ಬಂಟ್ವಾಳ ಅನ್ನುತ್ತಾರೆ, ಅಜ್ಜನ ಅಜ್ಜ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವರು ಅನ್ನುತ್ತಾರೆ. ಅಲ್ಲಿಗೆ ದಾರಿ ಮುಗಿಯಿತು. ಆಗ ಓದಿದ ಹುಡುಗರು ಹಳೆಯ ಜನಗಣತಿ ತೆಗೆಸಿ ನೋಡುವ ಅನ್ನುತ್ತಾರೆ. ಇಂಗ್ಲಿಷರು ಹಾಗೆಯೇ ಅಲ್ಲವಾ ನಾಲ್ಕೈದು ತಲೆಮಾರು ಹುಡುಕಿ ತೆಗೆಯುವುದು, ನಮಗೇಕೆ ಆಗುವುದಿಲ್ಲ ಎಂಬುದು ಅವರ ವಾದ.

ವಾದ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಎದುರಾದವರು ಒಬ್ಬ ದೊರೆ. ಮೈಸೂರು ಸೀಮೆಯಲ್ಲಿ 1881ರ ಜನಗಣತಿಯ ಉಸ್ತುವಾರಿ ಹೊತ್ತು ಅದರ ವರದಿ ಬರೆದವರು ಅವರು. ಕನ್ನಡ ಓದಿದವರಿಗೆಲ್ಲ ಗೊತ್ತಿರುವ ಹೆಸರು, ಬೆಂಜಮಿನ್ ಲೂಯಿಸ್ ರೈಸ್. ಶಾಸನ ಪಿತಾಮಹ ಅಂತ ಶಾಲೆಯ ಪುಸ್ತಕದಲ್ಲಿ ಬರುತ್ತಾರಲ್ಲ, ಅವರೇ. ಹೆಸರು ಕೇಳಿ ನಮ್ಮ ಮಕ್ಕಳಿಗೆ ನೈಚೋರು ನೆನಪಾದರೆ ತಪ್ಪಿಲ್ಲ. ಆದರೆ ಈ ಮನುಷ್ಯ ಬರೆದಿಟ್ಟದ್ದು ಎಷ್ಟು, ಬರೆದೂ ಉಳಿಯದೆ ಹೋದದ್ದು ಎಷ್ಟು ಅಂತ ತಿಳಿದರೆ ನಮ್ಮ ಮೂಲ ಹುಡುಕುವ ಕೆಲಸಕ್ಕೆ ಒಂದು ದಾರಿ ಸಿಗುತ್ತದೆ. ಹಾಗಾಗಿ ಈ ವಾರ ಅವರ ಕತೆ.

ರೈಸರು ಹುಟ್ಟಿದ್ದು ವಿಲಾಯತಿಯಲ್ಲಿ ಅಲ್ಲ, ನಮ್ಮ ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಶನ್ನಿನ ಪಾದ್ರಿ. ತಾಯಿ ಜೇನ್ ಪೀಚ್ ಸಿಂಗರ್. ತಂದೆ ಬೆಂಗಳೂರಿಗೆ ಬಂದದ್ದು ಅದೇ ವರ್ಷ. ಬಂದವರು ಮತ್ತೆ 50 ವರ್ಷ ಇಲ್ಲೇ ಇದ್ದು 1887ರಲ್ಲಿ ಇಲ್ಲೇ ತೀರಿಹೋದರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪುಸ್ತಕದಂಗಡಿಗಳ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಅಂತ ಒಂದಿದೆ, ನೀವು ನೋಡಿರಬಹುದು. ಅದು ಈ ತಂದೆಯ ಹೆಸರಿನಲ್ಲಿರುವುದು, ಮಗನದ್ದಲ್ಲ. ತಮ್ಮ ಎಡ್ವರ್ಡ್ ಪೀಟರ್ ರೈಸರೂ ಮಿಶನ್ನಿನಲ್ಲಿದ್ದು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಹೊರತಂದರು. ಒಟ್ಟಿನಲ್ಲಿ ಕನ್ನಡ ನಾಡಿಗೆ ಮೊದಮೊದಲು ಬಂದು ಬೇರೂರಿದ ಇಂಗ್ಲಿಷ್ ಮನೆತನಗಳಲ್ಲಿ ಇದೂ ಒಂದು.

ಇಂಥ ಮನೆತನದ ಮೂಲವನ್ನು ಹೇಗೆ ಹುಡುಕುತ್ತಾರೆ ಅಂತ ಸ್ವಲ್ಪ ನೋಡುವ. ಇಂಗ್ಲೆಂಡಿನಲ್ಲಿ ಜನನ, ಮದುವೆ, ಮರಣಗಳನ್ನು ಸರಕಾರವೇ ಬರೆದುಕೊಳ್ಳಲು ಶುರುಮಾಡಿದ್ದು 1837ರ ಜುಲೈ 1ರಿಂದ. ಅಂದರೆ ನಮ್ಮ ರೈಸರು ಹುಟ್ಟುವ 16 ದಿನ ಮೊದಲು! ಅದಕ್ಕೂ ಹಿಂದಿನದ್ದು ಬೇಕಾದರೆ ಚರ್ಚಿನ ಪುಸ್ತಕಗಳೇ ಗತಿ. ಅಲ್ಲಿಯೂ ಒಂದು ಸೂಕ್ಷ್ಮ ಉಂಟು. ರೈಸರ ತಂದೆಯ ಹಾಗೆ ಆಂಗ್ಲಿಕನ್ ಅಲ್ಲದ ಪಂಗಡಕ್ಕೆ ಸೇರಿದವರು ತಮ್ಮ ಮಕ್ಕಳ ನಾಮಕರಣವನ್ನು ತಮ್ಮದೇ ಪ್ರಾರ್ಥನಾ ಮಂದಿರದಲ್ಲಿ ಮಾಡಿಸಬಹುದಿತ್ತು. ಮದುವೆ ಮಾತ್ರ ಹಾಗಲ್ಲ. ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟರೆ ಬಾಕಿಯವರೆಲ್ಲ 1837ರ ತನಕ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕು ಎಂಬ ಕಾನೂನು ಇತ್ತು. ಆಗ ಇಂಗ್ಲೆಂಡಿನಿಂದ ಇಲ್ಲಿಗೆ ಹಡಗಿನ ದಾರಿ ಆಫ್ರಿಕಾದ ಕೊನೆ ಸುತ್ತಿ ಬರುವ ತಿಂಗಳುಗಟ್ಟಲೆಯ ಪಯಣ. 1837ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಗು ಹುಟ್ಟಿದ್ದರೆ ಅಪ್ಪ ಅಮ್ಮನ ಮದುವೆ 1836ರಲ್ಲಿ ಹಡಗು ಹತ್ತುವ ಮೊದಲೇ ಮುಗಿದಿರಬೇಕು. ಹಾಗಾದರೆ ಅದನ್ನು ಹುಡುಕಬೇಕಾದ್ದು ಮಿಶನ್ನಿನ ಮಂದಿರದ ಪುಸ್ತಕದಲ್ಲಲ್ಲ, ಊರ ಆಂಗ್ಲಿಕನ್ ಚರ್ಚಿನ ಮದುವೆ ಪುಸ್ತಕದಲ್ಲಿ. ವಂಶ ಹುಡುಕುವವರು ಹೀಗೆಯೇ ಲೆಕ್ಕ ಹಾಕುತ್ತಾ ಹೋಗುವುದು. ಒಂದು ದಿನಾಂಕ ಸಿಕ್ಕಿದರೆ ಅದರ ಹಿಂದಿನದ್ದು ಯಾವ ಕಪಾಟಿನಲ್ಲಿ ಉಂಟು ಅಂತ ಅದೇ ಹೇಳುತ್ತದೆ.

ಇನ್ನು ಗಣತಿ. ಇಂಗ್ಲೆಂಡಿನಲ್ಲಿ 1841ರಿಂದ ಮನೆಮನೆಯ ಜನರ ಹೆಸರು ಬರೆದ ಗಣತಿ ಪುಸ್ತಕಗಳನ್ನೇ ಉಳಿಸಿದ್ದಾರೆ. ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. 1851ರಿಂದ ಮನೆಯ ಯಜಮಾನನಿಗೆ ಏನು ಸಂಬಂಧ, ಹುಟ್ಟಿದ್ದು ಯಾವ ಊರು ಅಂತಲೂ ಬರೆದರು. ಇಂಡಿಯಾದಲ್ಲಿ ಹುಟ್ಟಿ ಅಲ್ಲಿಗೆ ಓದಲು ಹೋದ ಮಕ್ಕಳನ್ನು ಪತ್ತೆ ಹಚ್ಚಲು ಅದು ಸಾಕು. ಇಲ್ಲೇ ಮದುವೆಯಾದವರದ್ದೂ, ಇಲ್ಲೇ ಮಣ್ಣಾದವರದ್ದೂ ಲೆಕ್ಕ ತಪ್ಪಿಲ್ಲ. ಮದರಾಸು ಪ್ರಾಂತದ ಚರ್ಚುಗಳ ಪುಸ್ತಕದ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಬೆಂಗಳೂರು ದಂಡಿನದ್ದೂ ಅದರಲ್ಲೇ ಸೇರಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಮಂಜರಾಬಾದಿನಲ್ಲಿ 1843ರಲ್ಲಿ ಮೊದಲು ಕಾಫಿ ತೋಟ ಎಬ್ಬಿಸಿದ ದೊರೆ ಫ್ರೆಡರಿಕ್ ಗ್ರೀನ್, 1856ರಲ್ಲಿ ಬಂದು ಕೂತ ರಾಬರ್ಟ್ ಹೆನ್ರಿ ಎಲಿಯಟ್ ಮುಂತಾದವರ ಮನೆತನದವರಿಗೂ ಇದೇ ದಾರಿ. ಈ ಎಲಿಯಟ್ ಸಾಹೇಬರು ರೈಸರ ಓರಗೆಯವರು, ಇಬ್ಬರೂ 1837ರಲ್ಲಿ ಹುಟ್ಟಿದವರು. ಕಾಫಿಯ ಬಗ್ಗೆ ಅವರು ಬರೆದ ದಪ್ಪ ಪುಸ್ತಕ 1894ರಲ್ಲಿ ಬಂತು.

ಲೂಯಿಸ್ ರೈಸ್ ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರಿಗೆ ಮರಳಿದರು. ಆಗ ವಯಸ್ಸು 23. ಮುಂದೆ ಸೆಂಟ್ರಲ್ ಕಾಲೇಜ್ ಆದ ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾದರು. ಐದು ವರ್ಷದಲ್ಲಿ ಮೈಸೂರು, ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್. ಅವರಿಗೆ ಮೊದಲು ಆ ಇಲಾಖೆ ನಡೆಸಿದವರು ಜಾನ್ ಗ್ಯಾರೆಟ್, ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಶನ್ನಿನ ಛಾಪಖಾನೆ ನೋಡಿಕೊಂಡಿದ್ದವರು. ಅವರ ಮಗಳು ಮೇರಿ ಸೋಫಿಯಾ ಗ್ಯಾರೆಟ್‌ರನ್ನೇ ರೈಸರು ಮದುವೆಯಾದರು. ಬೆಂಗಳೂರಿನ ಎರಡು ಹಳೆಯ ಇಂಗ್ಲಿಷ್ ಮನೆತನ ಹೀಗೆ ಬೀಗರಾದವು. ನಮ್ಮಲ್ಲೂ ಹಾಗೇ ಅಲ್ಲವಾ, ಘಟ್ಟದ ಮೇಲೆ ನಾಲ್ಕು ಮನೆ ಇದ್ದಾಗ ಆ ನಾಲ್ಕರೊಳಗೇ ಸಂಬಂಧ ತಿರುಗುವುದು.

ಡೈರೆಕ್ಟರ್ ಆದ ವರ್ಷವೇ ರೈಸರು ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಹೋಬಳಿಗೊಂದು ಸರಕಾರಿ ಶಾಲೆ ಎಂಬ ಯೋಜನೆ. ಅದಕ್ಕೂ ಮೊದಲು ಹಳ್ಳಿಯಲ್ಲಿ ಮಠದ ಜಗಲಿಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಕೂಲಿಮಠದ ಅಯ್ಯ ಕಲಿಸಿದ್ದೇ ಓದು. ಆ ಅಯ್ಯಗಳಲ್ಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಸಂಬಳ ಗೊತ್ತುಮಾಡಿ ಮೇಷ್ಟ್ರುಗಳನ್ನಾಗಿ ಮಾಡುವುದು ಯೋಜನೆಯ ತಿರುಳು. ಊರಿನವರು ಕಟ್ಟಡದ ಜವಾಬ್ದಾರಿ ವಹಿಸಿಕೊಳ್ಳಬೇಕು. ಇಂದು ನಾವು ಹೋಬಳಿ ಶಾಲೆ, ಬೋರ್ಡು ಶಾಲೆ ಅಂತ ನೆನೆಯುವ ಹಳೆಯ ಶಾಲೆಗಳ ಬೇರು ಅಲ್ಲಿಂದ ಶುರು. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾಲೆ ನೋಡಲು ಊರೂರು ಸುತ್ತುವುದು ಇನ್‌ಸ್ಪೆಕ್ಟರನ ಕೆಲಸ. ಸುತ್ತುವಾಗ ಕೆರೆಯ ಏರಿಯಲ್ಲಿ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು ಕಣ್ಣಿಗೆ ಬಿದ್ದವು. ಕೆಲವು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು, ಕೆಲವು ಮೋರಿಗೆ ಹಾಸಾಗಿದ್ದವು. ಕಲ್ಲಿನ ಬರಹದಲ್ಲಿ ನಿಧಿಯ ಗುಟ್ಟು ಇರುತ್ತದೆ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇಲ್ಲವೆಂದಲ್ಲ. ಮೇಜರ್ ಡಿಕ್ಸನ್ ಎಂಬವರು ಅಂಥ ಕಲ್ಲುಗಳ 150ರಷ್ಟು ಫೋಟೋ ತೆಗೆದಿದ್ದರು. ಅವನ್ನು ಓದಿ ಅರ್ಥ ಬಿಡಿಸುವ ಕೆಲಸ ರೈಸರಿಗೆ ಬಂತು. ಹುಟ್ಟಿದಂದಿನಿಂದ ಕಿವಿಗೆ ಬಿದ್ದ ಭಾಷೆ ಕನ್ನಡ, ಆದರೆ ಹಳಗನ್ನಡ ಬೇರೆಯೇ. ಪಂಡಿತರನ್ನು ಕೂರಿಸಿಕೊಂಡು ಕಲಿತರು. 1879ರಲ್ಲಿ ಮೈಸೂರಿನ ಶಾಸನಗಳ ಪುಸ್ತಕ ಬಂತು.

ಅದರ ನಡುವೆಯೇ ಮೈಸೂರು, ಕೊಡಗಿನ ಗೆಜೆಟಿಯರ್ ಬರೆದರು, ಮೂರು ಸಂಪುಟ. ಎರಡನೇ ಮುದ್ರಣ 1897ರಲ್ಲಿ. ಸಕಲೇಶಪುರದ ಕಡೆಯವರು ಅದನ್ನು ಓದುವುದಾದರೆ ಹಳೆಯ ಹೆಸರಿನಲ್ಲಿ ಹುಡುಕಬೇಕು, ಮಂಜರಾಬಾದ್ ತಾಲೂಕು. ಟಿಪ್ಪು ಸುಲ್ತಾನರು 1792ರ ಹೊತ್ತಿಗೆ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ, ಅದನ್ನು ಮಂಜು ಮುಸುಕಿದ್ದು ಕಂಡು ಇಟ್ಟ ಹೆಸರು ಅನ್ನುತ್ತಾರೆ. ಆ ಹೆಸರೇ ಬಹಳ ಕಾಲ ತಾಲೂಕಿನ ಹೆಸರಾಗಿ ನಡೆಯಿತು. ಹಳೆಯ ಕಾಗದ ತೆಗೆಸಲು ಹೋದವರು ಬರೀ ಸಕಲೇಶಪುರ ಅಂತ ಹುಡುಕಿ ಏನೂ ಇಲ್ಲ ಎಂದು ವಾಪಸು ಬರುವುದುಂಟು. ಮಂಜರಾಬಾದ್ ಅಂತ ಕೇಳಿ ನೋಡಿ.

ಮುಸಲ್ಮಾನರ ಬಗ್ಗೆ ಆ ಗೆಜೆಟಿಯರಿನಲ್ಲಿ ಏನುಂಟು? ಶೇಖ್, ಸಯ್ಯದ್, ಮೊಗಲ್, ಪಠಾಣ್ ಎಂಬ ನಾಲ್ಕು ಹೆಸರು ಮೊದಲು. ಆಮೇಲೆ ಲಬ್ಬೆ ಮತ್ತು ಮಾಪಿಳೆ. ಹಿಂದೆ ಕಡಲು ದಾಟಿ ಬಂದ ಅರಬ್, ಪಾರಸಿ ವ್ಯಾಪಾರಿಗಳು ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಸಂತತಿ ಅಂತ ಇಬ್ಬರನ್ನೂ ಒಟ್ಟಿಗೆ ವಿವರಿಸುತ್ತಾರೆ. ಮೂಡಣ ಕರಾವಳಿಯವರು ಲಬ್ಬೆ, ಪಡುವಣ ಮಲಬಾರ್ ಕರಾವಳಿಯವರು ಮಾಪಿಳೆ. ಲಬ್ಬೆಗಳು ಕಬ್ಬಿಣದ ಸಾಮಾನು ಮಾರುವುದು, ಚರ್ಮ ಸಂಗ್ರಹಿಸುವುದು, ಕಾಫಿ ವ್ಯಾಪಾರ ಮಾಡುವುದು ಎಲ್ಲ ಬರುತ್ತದೆ. ನಡುವಿನ ತುಳುನಾಡಿನಿಂದ ಹತ್ತಿ ಬಂದ ಬ್ಯಾರಿಯನ್ನು ಶಾನುಭೋಗ ಯಾವುದರಡಿ ಬರೆದನೋ! ಮಾತು ಕೇಳಿ ಮಾಪಿಳೆ ಅಂದಿರಬಹುದು, ಹೆಸರು ಕೇಳಿ ಶೇಖ್ ಅಂದಿರಬಹುದು. ತಾನು ಯಾರು ಅಂತ ಬಂದವನು ಹೇಳಿದ್ದಕ್ಕಿಂತ ಬರೆಯುವವನಿಗೆ ಯಾವ ಕಾಲಂ ಗೊತ್ತಿತ್ತು ಎಂಬುದೇ ಅಂಥಲ್ಲಿ ಮುಖ್ಯವಾಗುತ್ತದೆ. ಇದು ನಮ್ಮ ಅಂದಾಜು. ಆದರೆ ಮೂಲ ಹುಡುಕುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬ್ಯಾರಿ ಅಂತ ಕಾಣದಿದ್ದ ಮಾತ್ರಕ್ಕೆ ಬ್ಯಾರಿಗಳು ಇರಲಿಲ್ಲ ಎಂದಲ್ಲ. ನಮ್ಮ ಭಾಷೆಗೆ ಒಂದು ಸರಕಾರಿ ಅಕಾಡೆಮಿ ಬಂದದ್ದೇ 2007ರಲ್ಲಿ, ಅಂದರೆ ಇದೆಲ್ಲ ಆಗಿ ನೂರಕ್ಕೂ ಹೆಚ್ಚು ವರ್ಷದ ಮೇಲೆ.

ಈಗ ಗಣತಿಯ ವಿಷಯಕ್ಕೆ ಬರುವ. ಮೈಸೂರು ಸೀಮೆಯ ಮೊದಲ ದೊಡ್ಡ ಗಣತಿ 1871ರದ್ದು, ಅದರ ವರದಿ ಬರೆದವರು ಮೇಜರ್ ಲಿಂಡ್ಸೆ. ಆಗ 50 ಲಕ್ಷಕ್ಕೂ ಮೇಲೆ ಜನ. ಆಮೇಲೆ 1876ರಿಂದ 78ರ ತನಕ ಬಂತು ನೋಡಿ ಬರ. ಮಳೆಯಿಲ್ಲ, ಕೆರೆಯಲ್ಲಿ ನೀರಿಲ್ಲ, ಕಾಳಿನ ದರ ಮುಟ್ಟುವಂತಿಲ್ಲ. ಬಯಲುಸೀಮೆಯಲ್ಲಿ ಜನ ದಾರಿಯಲ್ಲೇ ಬಿದ್ದರು. ಹಸಿವಿನಿಂದ ಸತ್ತವರು, ಅದರ ಬೆನ್ನಿಗೇ ಬಂದ ಕಾಲರಾ, ಜ್ವರದಿಂದ ಸತ್ತವರು. ಎಷ್ಟು ಜನ ಅಂತ ಆಗ ಯಾರೂ ಸರಿಯಾಗಿ ಎಣಿಸಲಿಲ್ಲ, ಎಣಿಸುವ ಸ್ಥಿತಿಯೂ ಇರಲಿಲ್ಲ.

ಎಣಿಸಿದ್ದು 1881ರ ಫೆಬ್ರವರಿ 17ರ ರಾತ್ರಿ, ಇಡೀ ಇಂಡಿಯಾದಲ್ಲಿ ಒಂದೇ ಸಲ. ಮೈಸೂರಿನಲ್ಲಿ ಅದರ ಯಜಮಾನಿಕೆ ರೈಸರದ್ದು. ಮುಂದಿನ ತಿಂಗಳು 25ಕ್ಕೆ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಹಿಂದೆ ಒಪ್ಪಿಸುವುದು ಅಂತ ನಿಶ್ಚಯವಾಗಿತ್ತು, ಅದರ ಗಡಿಬಿಡಿಯ ನಡುವೆ ಈ ಕೆಲಸ. ಲೆಕ್ಕ ಕೂಡಿಸಿದಾಗ ಬಂದ ಸಂಖ್ಯೆ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ 8 ಲಕ್ಷಕ್ಕೂ ಮೇಲೆ ಕಮ್ಮಿಯಾಗಿದ್ದರು. ಐದಾರು ಜನಕ್ಕೆ ಒಬ್ಬರಂತೆ ಇಲ್ಲವಾದರು ಅನ್ನಿ. ಬರದ ಕತೆಯನ್ನು ಬೇರೆಯವರು ಎಷ್ಟೋ ಬರೆದಿದ್ದಾರೆ. ಆದರೆ ರೈಸರ ಆ ಒಂದು ಸಂಖ್ಯೆ ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ ಅಂತ ನಮಗೆ ಕಾಣುತ್ತದೆ. ಮುಸಲ್ಮಾನರ ಲೆಕ್ಕ ಆಗ ಮೈಸೂರು ಸೀಮೆಯಲ್ಲಿ 2 ಲಕ್ಷದಷ್ಟು.

ಗಣತಿಯ ಹಾಳೆಯಲ್ಲಿ ಏನೇನು ಕಾಲಂ ಇತ್ತು ಗೊತ್ತುಂಟಾ? ಹೆಸರು, ಗಂಡು ಹೆಣ್ಣು, ವಯಸ್ಸು, ಮದುವೆಯಾಗಿದೆಯೋ ಇಲ್ಲವೋ, ಧರ್ಮ, ಜಾತಿ, ಮಾತೃಭಾಷೆ, ಹುಟ್ಟಿದ ಸ್ಥಳ, ಕಸುಬು, ಓದು ಬರಹ. ನಮಗೆ ಬೇಕಾದದ್ದೆಲ್ಲ ಅದರಲ್ಲಿತ್ತು ಮಾರಾಯ್ರೆ! ಫೆಬ್ರವರಿ ಅಂದರೆ ಮಂಜರಾಬಾದಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದ ಕಾಲ. ಕೆಳಗಿನಿಂದ ಬಂದ ಆಳುಗಳು ತೋಟದ ಲೈನಿನಲ್ಲಿ ಇರುವ ಸಮಯ, ಉಪ್ಪು, ಒಣಮೀನು, ತೆಂಗಿನಕಾಯಿ ತಂದ ವ್ಯಾಪಾರಿಗಳು ಸಂತೆಯ ಊರುಗಳಲ್ಲಿ ಬಿಡಾರ ಹೂಡಿರುವ ಸಮಯ. ಆ ರಾತ್ರಿ ಘಟ್ಟದ ಮೇಲೆ ಮಲಗಿದ್ದವರ ಹೆಸರನ್ನು ಅವರ ಹುಟ್ಟೂರಿನ ಸಮೇತ ಕೇಳಿ ಬರೆದುಕೊಳ್ಳಬೇಕು ಅಂತ ನಿಯಮ. ಹೆಂಗಸರ ಹೆಸರು ಹೇಳಲು ಮನೆಯವರಿಗೆ ಮನಸ್ಸಿಲ್ಲದಿದ್ದರೆ ಮಾತ್ರ ಬರೀ ಹೆಂಗಸು ಅಂತ ಬರೆದರೆ ಸಾಕು ಅಂತ ಒಂದು ಸೂಚನೆ ಇತ್ತು. ಹಾಗಾಗಿ ನಮ್ಮ ಎಷ್ಟು ಅಜ್ಜಿಯಂದಿರ ಹೆಸರು ಹಾಳೆಯ ಮೇಲೂ ಬರಲಿಲ್ಲವೋ.

ಆ ಹಾಳೆಗಳು ಈಗ ಎಲ್ಲಿ? ಎಲ್ಲಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಉಳಿಸಿದ ಹಾಗೆ ಇಲ್ಲಿ ಉಳಿಸಲಿಲ್ಲ. ಹಾಳೆಯಿಂದ ಅಂಕಿ ತೆಗೆದು ತಖ್ತೆ ಕಟ್ಟಿದ ಮೇಲೆ ಹಾಳೆಗೆ ಬೆಲೆಯಿಲ್ಲ, ಅದು ರದ್ದಿ. ಇಡಲು ಜಾಗ ಬೇಕು, ಕಾಯಲು ಜನ ಬೇಕು, ಅದಕ್ಕೆಲ್ಲ ಖರ್ಚು ಯಾರು ಹಾಕುವುದು ಎಂಬುದು ಆಗಿನ ಸರಕಾರದ ಲೆಕ್ಕಾಚಾರ. ಅದೇ 1881ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಗಣತಿಯ ಪುಸ್ತಕ ಇವತ್ತಿಗೂ ಉಂಟು, ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ಎರಡನ್ನೂ ಮಾಡಿಸಿದ್ದು ಒಂದೇ ರಾಣಿಯ ಸರಕಾರ. ಇದರಲ್ಲಿ ರೈಸರ ತಪ್ಪು ಅಂತ ಹೇಳಲು ಬರುವುದಿಲ್ಲ, ನಿಯಮ ಮೇಲಿನಿಂದ ಬಂದದ್ದು. ಆದರೂ ಕಲ್ಲಿನ ಮೇಲಿನ ಒಂದು ಅಕ್ಷರ ಅಳಿಸಿಹೋದರೆ ಅಷ್ಟು ಸಂಕಟಪಟ್ಟ ಮನುಷ್ಯನಿಗೆ 41 ಲಕ್ಷ ಹೆಸರು ರದ್ದಿಗೆ ಹೋಗುವಾಗ ಏನನಿಸಿತೋ ಅಂತ ನಮಗೆ ಕುತೂಹಲವಂತೂ ಇದೆ.

ಸ್ವಾತಂತ್ರ್ಯದ ನಂತರದ ಗಣತಿಯಲ್ಲಿ ಸಿಗಬಹುದಲ್ಲ ಅಂತ ಕೇಳುವವರಿಗೆ ಒಂದು ಮಾತು. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗುಟ್ಟಿನದ್ದು. ಯಾರೂ ತೆಗೆಸಿ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಇಡುವಂತೆಯೂ ಇಲ್ಲ. ಹಾಗಾಗಿ ಗಣತಿಯ ಆಸೆಯನ್ನು ಬಿಡುವುದೇ ಒಳ್ಳೆಯದು. ಅದಕ್ಕಾಗಿ ಏಜೆಂಟರಿಗೆ ದುಡ್ಡು ಕೊಡಬೇಡಿ.

ಹಾಗಾದರೆ ನಮಗೆ ಉಳಿದ ದಾರಿ? ಇಂಗ್ಲಿಷರಿಗೆ ಚರ್ಚಿನ ಮದುವೆ ಪುಸ್ತಕ ಹೇಗೋ ನಮಗೆ ಮಸೀದಿಯ ನಿಕಾಹ್ ಪುಸ್ತಕ ಹಾಗೆ. ಹುಡುಗ, ಅವನ ತಂದೆ, ಹುಡುಗಿ, ಅವಳ ವಲಿ, ಮಹರ್ ಎಷ್ಟು, ಸಾಕ್ಷಿ ಯಾರು, ಎಲ್ಲ ಒಂದೇ ಸಾಲಿನಲ್ಲಿ ಬರುತ್ತದೆ. ಗಣತಿಯ ಹಾಳೆಯಲ್ಲಿ ಬರೀ ಹೆಂಗಸು ಅಂತ ಬರೆಸಿದ ಮನೆಯಲ್ಲೂ ನಿಕಾಹಿನ ಹೊತ್ತಿಗೆ ಹುಡುಗಿಯ ಹೆಸರು ಹೇಳದೆ ನಡೆಯುವುದಿಲ್ಲ. ಇನ್ನೊಂದು ಲಾಭ ಉಂಟು. ಹುಡುಗ ಬೇರೆ ಮಹಲ್ಲಿನವನಾದರೆ ಅಲ್ಲಿನ ಜಮಾಅತಿನಿಂದ ಪತ್ರ ತರಬೇಕು ಎಂಬ ಕ್ರಮ ನಮ್ಮಲ್ಲಿದೆಯಲ್ಲ, ಘಟ್ಟದ ಮೇಲಿನ ಮಸೀದಿಯ ಕಡತದಲ್ಲಿ ಅಂಥ ಒಂದು ಹಳೆಯ ಪತ್ರ ಸಿಕ್ಕಿದರೆ ಕೆಳಗಿನ ಊರು ಯಾವುದೆಂದು ಅದೇ ಹೇಳಿಬಿಡುತ್ತದೆ. ಆಮೇಲೆ ಆ ಊರಿನ ಪುಸ್ತಕ ತೆಗೆಸಿದರೆ ಅಜ್ಜನ ಅಪ್ಪನ ಮದುವೆ ಸಿಕ್ಕಬಹುದು.

ಕಷ್ಟವೂ ಉಂಟು. ಹಳೆಯ ಬರಹಗಳು ಅರಬಿ ಮಲಯಾಳಂ ಲಿಪಿಯಲ್ಲಿರುತ್ತವೆ, ಇವತ್ತಿನ ಹುಡುಗರಿಗೆ ಓದಲು ಬಾರದು. ಹಿರಿಯ ಉಸ್ತಾದರನ್ನು ಹತ್ತಿರ ಕೂರಿಸಿಕೊಂಡು ಓದಿಸಬೇಕು. ಮಲೆನಾಡಿನ ಮಳೆಗೆ ಕಾಗದ ಬೂಸಲು ಹಿಡಿಯುತ್ತದೆ, ಗೆದ್ದಲು ಬೇರೆ. ಮಸೀದಿ ಹೊಸದಾಗಿ ಕಟ್ಟುವಾಗ ಹಳೆಯ ಕಪಾಟು ಖಾಲಿ ಮಾಡುತ್ತಾರೆ, ಆಗ ಮೊದಲು ಹೊರಗೆ ಹೋಗುವುದು ಇಂಥ ಪುಸ್ತಕಗಳೇ. ಕಮಿಟಿಯವರು ಒಂದು ದಿನ ಕೂತು ಪುಟಪುಟವೂ ಮೊಬೈಲಿನಲ್ಲಿ ಫೋಟೋ ತೆಗೆದು ಎರಡು ಕಡೆ ಇಟ್ಟರೆ ದೊಡ್ಡ ಖರ್ಚಿನ ಕೆಲಸವೇನಲ್ಲ.

ಎರಡನೆಯ ದಾರಿ ರೈಸರದ್ದೇ. ಹೋಬಳಿ ಶಾಲೆಯ ವಿಷಯ ನೆನಪಿಟ್ಟುಕೊಳ್ಳಿ ಅಂದೆವಲ್ಲ. ಗಣತಿಯ ಹಾಳೆ ಹೋಯಿತು, ಆದರೆ ಶಾಲೆಯ ದಾಖಲಾತಿ ಪುಸ್ತಕವನ್ನು ಕಾಯಂ ಆಗಿ ಇಡಬೇಕು ಅಂತ ನಿಯಮ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಊರು. ಅಜ್ಜ ಒಂದೇ ಒಂದು ವರ್ಷ ಶಾಲೆಗೆ ಹೋಗಿ ಆಮೇಲೆ ಅಂಗಡಿಯಲ್ಲಿ ಕೂತವರಾದರೂ ಸರಿ, ಆ ಒಂದು ಸಾಲು ಅಲ್ಲಿರುತ್ತದೆ. ನೂರು ವರ್ಷ ದಾಟಿದ ಸರಕಾರಿ ಶಾಲೆಗಳು ಈ ಭಾಗದಲ್ಲಿ ಕಮ್ಮಿಯೇನಿಲ್ಲ. ಹೆಡ್ ಮೇಷ್ಟ್ರಿಗೆ ಅರ್ಜಿ ಕೊಟ್ಟು ಮರ್ಯಾದೆಯಿಂದ ಕೇಳಬೇಕಷ್ಟೆ.

ಜಾಗದ ಕಾಗದ ಹುಡುಕುವವರಿಗೆ ಇನ್ನೂ ಒಂದು ವಿಷಯ ಹೇಳಬೇಕು. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಇದ್ದದ್ದು ಬೇರೆ ರಾಜ್ಯದಲ್ಲಿ, ಮೊದಲು ಮದರಾಸು ಪ್ರಾಂತ, ಆಮೇಲೆ ಮದರಾಸು ರಾಜ್ಯ. ಹಾಸನ ಮೈಸೂರಿನಲ್ಲಿ. ಶಿರಾಡಿ ಹತ್ತಿದ ನಮ್ಮ ಹಿರಿಯರು ಬರೀ ಗುಡ್ಡ ಹತ್ತಿದ್ದಲ್ಲ, ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ದಾಟಿದ್ದು. ಹಾಗಾಗಿ ಒಂದೇ ಮನೆತನದ ಅರ್ಧ ಕಾಗದ ಮಂಗಳೂರು, ಚೆನ್ನೈ ಕಡೆ, ಇನ್ನರ್ಧ ಹಾಸನ, ಬೆಂಗಳೂರಿನ ಕಡೆ. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಕೇಳಬೇಕು.

ಮತ್ತೆ ರೈಸರ ಬಳಿಗೆ. ಗಣತಿ ಮುಗಿದ ಮೇಲೆ ಹಂಟರ್ ಸಾಹೇಬರ ವಿದ್ಯಾ ಆಯೋಗಕ್ಕೆ ಕಾರ್ಯದರ್ಶಿಯಾದರು. 1884ರಲ್ಲಿ ಸಿಐಇ ಎಂಬ ಬಿರುದು ಬಂತು. ಆಮೇಲೆ ಪ್ರಾಚ್ಯವಸ್ತು ಇಲಾಖೆಯ ಡೈರೆಕ್ಟರ್ ಆಗಿ ಪೂರ್ತಿ ಕಲ್ಲಿನ ಹಿಂದೆ ಬಿದ್ದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನಲ್ಲಿ 1886ರಿಂದ 1905ರ ತನಕ 12 ಸಂಪುಟ, ಒಟ್ಟು 9 ಸಾವಿರದ ಹತ್ತಿರ ಶಾಸನ. ಮೊದಲನೆಯದು ಕೊಡಗಿನದ್ದು. 1892ರಲ್ಲಿ ಚಿತ್ರದುರ್ಗದ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ದು ಇಡೀ ದೇಶಕ್ಕೆ ಸುದ್ದಿಯಾಯಿತು. ಪಂಪನ ಕಾವ್ಯಗಳು ಅಚ್ಚಾಗಿ ಜನರ ಕೈಗೆ ಬಂದದ್ದರಲ್ಲೂ ಅವರ ಪಾಲು ದೊಡ್ಡದು.

ನಮ್ಮ ಹಾಸನ ಜಿಲ್ಲೆಯ ಸಂಪುಟ ಐದನೆಯದು, 1902ರಲ್ಲಿ ಬಂತು. ಮಂಜರಾಬಾದ್ ತಾಲೂಕಿನ ಕಲ್ಲುಗಳು ಅದರಲ್ಲಿ ಬೇರೆಯೇ ನಂಬರಿನಲ್ಲಿವೆ. ಅದನ್ನು ತಿರುವಿ ಹಾಕುವಾಗ ನಮಗೆ ಹೊಳೆದದ್ದು ಇಷ್ಟು. ರಾಜರ ವಂಶಾವಳಿ ಇದ್ದೇ ಇದೆ, ಅದು ಬಿಡಿ. ಆದರೆ ವೀರಗಲ್ಲಿನಲ್ಲಿ ರಾಜನಲ್ಲದವನ ಹೆಸರೂ ಇರುತ್ತದೆ. ದನ ಕಳವಾದಾಗ ಬೆನ್ನಟ್ಟಿ ಸತ್ತವನು, ಊರ ಗಡಿಯ ಜಗಳದಲ್ಲಿ ಬಿದ್ದವನು, ಅವನ ಅಪ್ಪ ಯಾರು, ಕಲ್ಲು ನಿಲ್ಲಿಸಿದ ತಮ್ಮ ಯಾರು. ಸಾವಿರ ವರ್ಷದ ಹಿಂದಿನ ಸಾಧಾರಣ ಮನುಷ್ಯನ ತಂದೆಯ ಹೆಸರು ನಮಗೆ ಸಿಗುತ್ತದೆ, 1881ರಲ್ಲಿ ಬಾಳ್ಳುಪೇಟೆಯ ಕಡೆ ಮಲಗಿದ್ದವನದ್ದು ಸಿಗುವುದಿಲ್ಲ. ಎರಡನ್ನೂ ಬರೆಸಿಕೊಂಡವರು ಒಬ್ಬರೇ.

ಮೂಲ ಹುಡುಕುವುದರಲ್ಲಿ ರೈಸರ ಕೈ ಎಂಥದ್ದು ಎಂಬುದಕ್ಕೆ ಹೊಯ್ಸಳರ ವಿಷಯ ಒಂದು ಸಾಕು. ಆ ಮನೆತನ ಸೊಸೆವೂರು ಎಂಬ ಊರಿನಿಂದ ಎದ್ದದ್ದು ಅಂತ ಶಾಸನಗಳಲ್ಲಿ ಬರುತ್ತಿತ್ತು, ಶಶಕಪುರ ಅಂತಲೂ. ಆದರೆ ಆ ಹೆಸರಿನ ಊರು ಎಲ್ಲೂ ಇಲ್ಲ. ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಸಣ್ಣ ಊರೇ ಅದು ಅಂತ ರೈಸರು ಗುರುತಿಸಿದರು. ನಮ್ಮ ಸಕಲೇಶಪುರದ ಪಕ್ಕದ ತಾಲೂಕು. ಊರಿನ ಹೆಸರು ಬದಲಾದರೂ ಕಲ್ಲುಗಳಲ್ಲಿ ಹಳೆಯ ಹೆಸರು ಉಳಿದಿತ್ತು, ಎರಡನ್ನೂ ಜೋಡಿಸಿ ನೋಡುವ ಕಣ್ಣು ಬೇಕಿತ್ತು ಅಷ್ಟೆ. ನಮ್ಮಲ್ಲೂ ಮನೆ ಹೆಸರಿನಲ್ಲಿ, ಹೆಸರಿನ ಮುಂದಿನ ಇನಿಷಿಯಲ್ಲಿನಲ್ಲಿ ಕೆಳಗಿನ ಊರು ಅಡಗಿ ಕೂತಿರುತ್ತದೆ. ಮಕ್ಕಳಿಗೆ ಆ ಅಕ್ಷರದ ಅರ್ಥವೇ ಗೊತ್ತಿರುವುದಿಲ್ಲ, ಆಧಾರ್ ಕಾರ್ಡಿನಲ್ಲಿ ಅದನ್ನು ತೆಗೆಸಿಯೂ ಬಿಟ್ಟಿರುತ್ತಾರೆ.

1906ರಲ್ಲಿ ರೈಸರು ನಿವೃತ್ತರಾದರು. ಆ ಕುರ್ಚಿಗೆ ಆರ್. ನರಸಿಂಹಾಚಾರ್ಯರು ಬಂದರು. ಇಂಗ್ಲೆಂಡಿಗೆ ಹೋದ ಮೇಲೂ ಸುಮ್ಮನೆ ಕೂರಲಿಲ್ಲ, ಶಾಸನಗಳ ಆಧಾರದಲ್ಲಿ ಮೈಸೂರು, ಕೊಡಗಿನ ಚರಿತ್ರೆ ಬರೆದು 1909ರಲ್ಲಿ ಹೊರತಂದರು. ಲಂಡನ್ನಿನ ಹತ್ತಿರದ ಹ್ಯಾರೋದಲ್ಲಿ ವಾಸ. 1927ರ ಜುಲೈ 10ರಂದು ತೀರಿಹೋದರು. ಇನ್ನು ಒಂದು ವಾರ ಬದುಕಿದ್ದರೆ 90 ತುಂಬುತ್ತಿತ್ತು.

ಅವರ ಹಾಸನ ಸಂಪುಟವನ್ನು ಮೈಸೂರು ವಿಶ್ವವಿದ್ಯಾನಿಲಯದವರು ಆಮೇಲೆ ಪರಿಷ್ಕರಿಸಿ, ಹೊಸದಾಗಿ ಸಿಕ್ಕ ಶಾಸನಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿದ್ದಾರೆ. ದೊಡ್ಡ ಲೈಬ್ರರಿಗಳಲ್ಲಿ ಕೇಳಿದರೆ ಸಿಗುತ್ತದೆ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗ ಎಲ್ಲರೂ ಹೇಳುವ ಹಲ್ಮಿಡಿಯ ಕಲ್ಲು ಇದ್ದದ್ದು ಇದೇ ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ. ರೈಸರು ಆ ತಾಲೂಕಿನ ಕಲ್ಲುಗಳನ್ನೆಲ್ಲ ನಂಬರು ಹಾಕಿ ಬರೆದಿದ್ದರು, ಈ ಒಂದು ಮಾತ್ರ ಅವರ ಪುಸ್ತಕದಲ್ಲಿಲ್ಲ. ಅದನ್ನು ಡಾ. ಎಂ.ಎಚ್. ಕೃಷ್ಣ ಅವರು ಪತ್ತೆ ಮಾಡಿದ್ದು 1936ರಲ್ಲಿ, ರೈಸರು ತೀರಿಹೋಗಿ ಒಂಬತ್ತು ವರ್ಷವಾದ ಮೇಲೆ.